ಎರಡನೇ ಗಿಟಾರು

ನೆವಿಲ್ ಟ್ರೋಮನ್ಸ್ ಇಪ್ಪತ್ತಾರು ವರ್ಷ ಗಿಟಾರು ನುಡಿಸಿದ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಹಾಡಿನ ಮೇಲಿನ ಸಾಲನ್ನೂ ನುಡಿಸಲಿಲ್ಲ. ಮೇಲಿನ ಸಾಲು, ಅಂದರೆ ಹಾಡಿನ ಮುಖ್ಯ ರಾಗ, ಡೆಸ್ ರೇಬೋಲ್ಡ್‌ನದು. ಅದರ ಕೆಳಗೆ, ಮೂರನೇ ಸ್ವರದ ಅಂತರದಲ್ಲಿ, ನೆವಿಲ್ ಇರುತ್ತಿದ್ದ. ಡೆಸ್ ಗಾಂಧಾರದಲ್ಲಿದ್ದರೆ ಇವನು ಷಡ್ಜದಲ್ಲಿ. ಅವನು ಪಂಚಮಕ್ಕೆ ಹತ್ತಿದರೆ ಇವನು ಗಾಂಧಾರಕ್ಕೆ. ಇಂಗ್ಲೆಂಡಿನ ಕ್ರೇಡ್ಲಿ ಹೀತ್‌ನ ಕಾರ್ಮಿಕರ ಕ್ಲಬ್ಬುಗಳಿಂದ ಜನ ಮನೆಗೆ ಹೋಗುವಾಗ ಗುನುಗುತ್ತಿದ್ದುದು ಡೆಸ್‌ನ ಸಾಲನ್ನು. ನೆವಿಲ್‌ನ ಸಾಲನ್ನು ಯಾರೂ ಗುನುಗಿದ್ದಿಲ್ಲ. ಅವನ ತಾಯಿ ಬದುಕಿದ್ದಾಗ ಅವಳೂ ಗುನುಗಿದ್ದಿಲ್ಲ.

ಇಬ್ಬರೂ ಒಂದೇ ಬೀದಿಯವರು, ಒಂದೇ ವರ್ಷ ಹುಟ್ಟಿದವರು. ಇಪ್ಪತ್ತೆರಡನೇ ವಯಸ್ಸಿಗೆ, 1963ರಲ್ಲಿ, ಇಬ್ಬರೂ ಕಾಲುವೆ ದಂಡೆಯ ಕುಲುಮೆ ಕಾರ್ಖಾನೆಗೆ ಸೇರಿದರು. ಎರಡು ಟನ್ನಿನ ಸುತ್ತಿಗೆ ಮೇಲಿನಿಂದ ಬಿದ್ದು ಕಾದ ಕಬ್ಬಿಣವನ್ನು ಅಚ್ಚಿಗೆ ಜಡಿಯುವ ಜಾಗ ಅದು. ಹಾಗೆ ಜಡಿದದ್ದನ್ನು ಅಳತೆ ಮಾಡಿ ನೋಡುವ ತಪಾಸಣೆ ಕೋಣೆಯೂ ಒಂದಿತ್ತು. ದಪ್ಪ ಗೋಡೆ, ಜೋಡಿ ಗಾಜಿನ ಕಿಟಕಿ, ಕೂತು ಮಾಡುವ ಕೆಲಸ. ಅಲ್ಲಿ ಒಂದು ಜಾಗ ಖಾಲಿಯಿತ್ತು. ಮೇಸ್ತ್ರಿ ಮೊದಲು ಕೇಳಿದ್ದು ಡೆಸ್‌ನನ್ನು.

"ನನಗೆ ಸುತ್ತಿಗೇನೇ ಇರ್ಲಿ ಬಿಡಿ. ಕೂತ್ರೆ ನಿದ್ದೆ ಬರುತ್ತೆ," ಅಂದ ಡೆಸ್. "ಇವನಿಗೆ ಕೊಡಿ. ಇವನು ಹುಟ್ಟಾ ಅಜ್ಜಿ. ಬಟ್ಟಲು ಸಾಸರು ಸರಿಯಾಗಿ ಕೂತಿದ್ಯಾ ಅಂತ ನೋಡ್ತಾನೇ ಇರ್ತಾನೆ."

ಮೇಸ್ತ್ರಿ ನಕ್ಕು ನೆವಿಲ್‌ನ ಹೆಸರು ಬರೆದುಕೊಂಡ. ಆಮೇಲೆ ಹತ್ತೊಂಬತ್ತು ವರ್ಷ, 1982ರಲ್ಲಿ ಕಾರ್ಖಾನೆ ಬಾಗಿಲು ಹಾಕುವವರೆಗೆ, ಡೆಸ್ ಸುತ್ತಿಗೆಯ ಬಾಯಲ್ಲಿ ನಿಂತ. ನೆವಿಲ್ ಗಾಜಿನ ಈಚೆ ಕೂತ. ಕಿವಿಗೆ ಹತ್ತಿ ತುರುಕಿಕೊಂಡವರನ್ನು ಅಲ್ಲಿ ಗೇಲಿ ಮಾಡುತ್ತಿದ್ದರು. ಡೆಸ್ ಗೇಲಿ ಮಾಡುವವರ ಪೈಕಿ.

ಶನಿವಾರ ಬೆಳಿಗ್ಗೆ ಇಬ್ಬರೂ ಡೆಸ್‌ನ ಮನೆಯ ಹಿತ್ತಲಿನಲ್ಲಿ, ಹಿಂದೆ ಬಟ್ಟೆ ಒಗೆಯುತ್ತಿದ್ದ ಇಟ್ಟಿಗೆ ಕೋಣೆಯಲ್ಲಿ, ಗಿಟಾರು ಹಿಡಿದು ಕೂರುತ್ತಿದ್ದರು. ಡೆಸ್ ಕಣ್ಣು ಮುಚ್ಚಿಕೊಂಡು ಒಂದು ರಾಗ ಹುಡುಕುವನು. ನೆವಿಲ್ ಕಣ್ಣು ಬಿಟ್ಟುಕೊಂಡು ಡೆಸ್‌ನ ಎಡಗೈ ನೋಡುವನು. ಬೆರಳು ಗಿಟಾರಿನ ಕತ್ತಿನ ಯಾವ ಮೆಟ್ಟಿಲಿಗೆ ಹೋಗುತ್ತದೆ, ತಂತಿಯನ್ನು ಎಷ್ಟು ಮೇಲಕ್ಕೆ ತಳ್ಳುತ್ತದೆ, ಎಷ್ಟು ಹೊತ್ತು ನಡುಗಿಸುತ್ತದೆ, ಎಲ್ಲವನ್ನೂ ನೋಡಿ ಅದರ ಕೆಳಗೆ ತನ್ನದನ್ನು ಕೂರಿಸುವನು. ಎರಡು ಗಿಟಾರು ಸರಿಯಾಗಿ ಕೂತಾಗ ಮೂರನೆಯದೊಂದು ದನಿ ಹುಟ್ಟುತ್ತಿತ್ತು. ಅದು ಇಬ್ಬರ ಕೈಯಿಂದಲೂ ಬಂದದ್ದಲ್ಲ. ಅದಕ್ಕಾಗಿಯೇ ನೆವಿಲ್ ನುಡಿಸುತ್ತಿದ್ದ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದನೇನೋ, ಯಾರೂ ಕೇಳಲಿಲ್ಲ.

1972ರಲ್ಲಿ ಅವರದೊಂದು ತಂಡವಾಯಿತು. ಹೆಸರು ಸ್ಲ್ಯಾಕ್ ಲೇನ್. ಬಸ್ ಡಿಪೋದ ಗುಮಾಸ್ತ ಕ್ಲೈವ್ ವಿಲೆಟ್ಸ್ ಆರ್ಗನ್ ನುಡಿಸುತ್ತಿದ್ದ, ಕಾರ್ಯಕ್ರಮ ಗೊತ್ತು ಮಾಡುತ್ತಿದ್ದ, ವ್ಯಾನು ಓಡಿಸುತ್ತಿದ್ದ, ಎಲ್ಲರನ್ನೂ ಬೈಯುತ್ತಿದ್ದ. ಬೇರೆಯವರ ಹಾಡುಗಳ ನಡುವೆ ಅವರ ಸ್ವಂತದ್ದು ಒಂದೇ ಒಂದು. ಹಾಡುವ ಮಾತಿಲ್ಲದ ಆರು ನಿಮಿಷದ ರಾಗ. ಡೆಸ್ ಸಾಕಿದ್ದ ಬೇಟೆನಾಯಿಯ ಹೆಸರನ್ನೇ ಅದಕ್ಕಿಟ್ಟಿದ್ದರು: ಡಾಲಿ. ನಾಯಿ ಸತ್ತು ಎಷ್ಟೋ ವರ್ಷವಾದರೂ ಭಾನುವಾರ ಮಧ್ಯಾಹ್ನದ ಕ್ಲಬ್ಬುಗಳಲ್ಲಿ ಡಾಲಿ ಇಲ್ಲದೆ ಇವರನ್ನು ವೇದಿಕೆಯಿಂದ ಇಳಿಯಲು ಬಿಡುತ್ತಿರಲಿಲ್ಲ. ಅದರ ಕೊನೆಯಲ್ಲಿ ಇಬ್ಬರೂ ಒಟ್ಟಿಗೆ ತಂತಿ ತಳ್ಳಿ, ಒಂದು ಉದ್ದನೆಯ ಸ್ವರವನ್ನು ಏರಿಸಿ ಹಿಡಿಯಬೇಕು. ಡ್ರಮ್ಮು ನಿಲ್ಲುತ್ತದೆ, ಬೇಸ್ ನಿಲ್ಲುತ್ತದೆ, ಆರ್ಗನ್ ಮಾತ್ರ ಕೆಳಗೆ ಮೆಲ್ಲಗೆ ಇರುತ್ತದೆ. ಆ ಸ್ವರ ಮುಗಿಯುವವರೆಗೆ ಟೈ ಕಟ್ಟಿಕೊಂಡ ಗಂಡಸರು ಬಿಯರ್ ಲೋಟ ಎತ್ತಿ ಹಿಡಿದಿರುತ್ತಿದ್ದರು. ಕುಡಿಯುತ್ತಿರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ನೆವಿಲ್‌ಗೆ ಆಸ್ಪತ್ರೆಯೊಂದರ ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಡೆಸ್‌ಗೆ ಸಿಗಲಿಲ್ಲ. ನಲವತ್ತೊಂದರ ಸುತ್ತಿಗೆಯವನು ಯಾರಿಗೂ ಬೇಕಿರಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಅವನು ಮನೆಯಲ್ಲಿ ಕೂತಿರುತ್ತಿದ್ದ. ಶನಿವಾರ ಬೆಳಿಗ್ಗೆ ಎದ್ದು ಗಡ್ಡ ಹೆರೆಯುತ್ತಿದ್ದ.

ನೆವಿಲ್ ಅದನ್ನು ಮೊದಲು ಕೇಳಿಸಿಕೊಂಡದ್ದು 1986ರ ಒಂದು ಭಾನುವಾರ, ಡಾಲಿಯ ಕೊನೆಯ ಸ್ವರದಲ್ಲಿ. ಇಬ್ಬರ ತಂತಿಗಳ ನಡುವೆ ಏನೋ ತುಡಿಯಿತು, ನೋವಿರುವ ಹಲ್ಲು ತುಡಿಯುವಂತೆ. ಅವನು ಡೆಸ್‌ನ ಕೈ ನೋಡಿದ. ಎರಡನೇ ತಂತಿಯನ್ನು ತಳ್ಳಿಕೊಂಡು ಹೋದ ಬೆರಳು ಎಂದಿನಂತೆ ಮೂರನೆಯದರ ಹತ್ತಿರ ನಿಂತಿರಲಿಲ್ಲ. ಅದನ್ನು ದಾಟಿ ನಾಲ್ಕನೆಯದರ ಕಡೆಗೆ ಹೋಗಿತ್ತು. ಸ್ವರ ಏರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ ಏರಿತ್ತು. ಡೆಸ್‌ನ ಮುಖದಲ್ಲಿ ಎಂದಿನ ಸಮಾಧಾನ.

ನೆವಿಲ್ ಯೋಚನೆ ಮಾಡಲಿಲ್ಲ. ತನ್ನ ತಂತಿಯನ್ನೂ ಅಷ್ಟೇ ಮೇಲಕ್ಕೆ ತಳ್ಳಿದ. ತುಡಿತ ನಿಂತಿತು. ಇಬ್ಬರೂ ಕೂಡಿಯೇ ಶ್ರುತಿಯಿಂದ ಹೊರಗಿದ್ದರು, ಆದರೆ ಕೂಡಿದ್ದರು. ಜನ ಲೋಟ ಇಳಿಸಿ ಚಪ್ಪಾಳೆ ತಟ್ಟಿದರು.

ಮುಂದಿನ ವಾರವೂ ಹಾಗೇ ಆಯಿತು. ಆಮೇಲಿನ ವಾರವೂ. ಡೆಸ್‌ನ ಹೆಂಡತಿ ಮ್ಯೂರಿಯಲ್ ಒಂದು ಶನಿವಾರ ನೆವಿಲ್‌ನನ್ನು ಅಡುಗೆಮನೆಗೆ ಕರೆದಳು. ಕಿಟಕಿಯ ಕಟ್ಟೆಯ ಮೇಲೆ ನೀರು ಕುದಿದಾಗ ಸೀಟಿ ಹೊಡೆಯುವ ಕೆಟಲ್‌ಗಳು ಮೂರು ಸಾಲಾಗಿ ಕೂತಿದ್ದವು.

"ಇದೇನು, ಅಂಗಡಿ ಇಡ್ತೀಯಾ?" ಅಂದ ನೆವಿಲ್.

"ನಿನ್ನ ಗೆಳೆಯ ತಂದಿದ್ದು. ಸೀಟಿ ಕೆಟ್ಟುಹೋಗಿದೆಯಂತೆ, ಕೂಗೋದೇ ಇಲ್ಲವಂತೆ. ಮೂರೂ!" ಅವಳು ನಗಲು ಹೋಗಿ ನಿಲ್ಲಿಸಿದಳು. "ನೆವಿಲ್, ಮೂರೂ ಬೀದಿಗೆ ಕೇಳೋ ಹಾಗೆ ಕೂಗುತ್ವೆ. ಅವನು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿರ್ತಾನೆ."

"ಡಾಕ್ಟರ ಹತ್ರ ಕರ್ಕೊಂಡು ಹೋಗು."

"ನಾನು ಹೇಳಿದ್ರೆ ಬೈತಾನೆ. ನೀನು ಹೇಳು. ನೀನಂದ್ರೆ ಕೇಳ್ತಾನೆ."

ಹೇಳುತ್ತೇನೆ ಅಂದ ನೆವಿಲ್. ಹಿತ್ತಲಿಗೆ ಹೋದಾಗ ಡೆಸ್ ಗಡ್ಡ ಹೆರೆದು, ಒಗೆದ ಅಂಗಿ ಹಾಕಿಕೊಂಡು, ಗಿಟಾರಿನ ತಂತಿ ಒರೆಸುತ್ತಿದ್ದ. "ಬಾರೋ ಅಜ್ಜಿ," ಅಂದ. "ಇಡೀ ವಾರ ಇದಕ್ಕೇ ಕಾಯ್ತಿದ್ದೆ."

ನೆವಿಲ್ ಹೇಳಲಿಲ್ಲ. ಈ ಶನಿವಾರವೊಂದು ಬಿಟ್ಟರೆ ಡೆಸ್‌ಗೆ ಬೇರೇನೂ ಉಳಿದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಡೆಸ್ ಆ ಸುತ್ತಿಗೆಯ ಕೆಳಗೆ ನಿಂತದ್ದು ಯಾರ ಜಾಗದಲ್ಲಿ ಎಂಬುದೂ ಗೊತ್ತಿತ್ತು.

ಬದಲಿಗೆ ಅವನು ತಪ್ಪನ್ನು ಅಭ್ಯಾಸ ಮಾಡತೊಡಗಿದ. ಪ್ರತಿ ಭಾನುವಾರದ ಕಾರ್ಯಕ್ರಮವನ್ನು ಸಣ್ಣ ಕ್ಯಾಸೆಟ್ ರೆಕಾರ್ಡರಿನಲ್ಲಿ ಹಿಡಿದುಕೊಂಡು ಬರುತ್ತಿದ್ದ. ಉಗ್ರಾಣದಿಂದ ಬಂದು, ಚಹಾ ಕುಡಿದು, ಡೆಸ್ ಈ ವಾರ ಎಲ್ಲಿಗೆ ಹೋಗಿದ್ದಾನೆ ಎಂದು ಕೇಳುತ್ತಿದ್ದ. ಆಮೇಲೆ ಅಲ್ಲಿಗೆ ತನ್ನ ಬೆರಳನ್ನು ಕಳಿಸುತ್ತಿದ್ದ, ನೂರು ಸಲ, ಇನ್ನೂರು ಸಲ. ಜೊತೆಗಿದ್ದ ಮೌತ್ ಆರ್ಗನ್ನಿನಲ್ಲಿ ಸರಿಯಾದ ಸ್ವರ ಊದಿ ತಾನು ಎಷ್ಟು ದೂರ ಹೋಗಿದ್ದೇನೆ ಎಂದು ನೋಡುತ್ತಿದ್ದ. ಮೊದಮೊದಲು ಕಿವಿ ಒಪ್ಪುತ್ತಿರಲಿಲ್ಲ, ಹಲ್ಲು ಜುಮ್ಮೆನ್ನುತ್ತಿತ್ತು. ಎರಡನೇ ವರ್ಷದ ಹೊತ್ತಿಗೆ ಮೌತ್ ಆರ್ಗನ್ನೇ ತಪ್ಪಾಗಿದೆಯೇನೋ ಅನ್ನಿಸುತ್ತಿತ್ತು.

ಹೀಗೆ ಮೂರು ವರ್ಷ ನಡೆಯಿತು. ಇನ್ನೂ ನಡೆಯುತ್ತಿತ್ತೇನೋ. 1989ರಲ್ಲಿ ಕ್ಲೈವ್ ಹಳೆಯ ಆರ್ಗನ್ ಮಾರಿ ಹೊಸ ಎಲೆಕ್ಟ್ರಾನಿಕ್ ಕೀಬೋರ್ಡು ತಂದ. ಹಳೆಯ ಆರ್ಗನ್ನಿನ ದನಿ ತಾನೇ ಅಲೆಯಂತೆ ತೂಗುತ್ತಿತ್ತು. ಅದರ ಮೇಲೆ ಏನು ಕೂತರೂ ನಡೆಯುತ್ತಿತ್ತು. ಹೊಸದರ ದನಿ ಮೊಳೆ ಹೊಡೆದಂತೆ ಒಂದೇ ಕಡೆ ನಿಂತಿತು. ಮೂರನೇ ಶನಿವಾರ, ಇಟ್ಟಿಗೆ ಕೋಣೆಯಲ್ಲಿ ತಂಡದ ಅಭ್ಯಾಸ ನಡೆದಿದ್ದಾಗ, ಡಾಲಿಯ ಕೊನೆಯಲ್ಲಿ ಕ್ಲೈವ್ ಕೈ ಎತ್ತಿದ.

"ನಿಲ್ಸಿ, ನಿಲ್ಸಿ. ಯಾರೋ ಮೇಲಕ್ಕೆ ಹೋಗ್ತಿದೀರ. ಹೋದ ಭಾನುವಾರ ನಾನು ಹಿಡಿದ ಟೇಪಲ್ಲೂ ಕೇಳ್ದೆ. ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದ ಹಾಗಿದೆ."

"ನಿನ್ನ ಆಟಿಕೆ ಸರಿಯಿಲ್ಲ," ಅಂದ ಡೆಸ್.

"ಇದು ಕಾರ್ಖಾನೆಯಿಂದ ಬಂದ ಶ್ರುತಿ, ಡೆಸ್. ಇದಕ್ಕೆ ತಪ್ಪೋದಕ್ಕೇ ಬರಲ್ಲ. ನಿಮ್ಮಿಬ್ಬರಲ್ಲಿ ಒಬ್ರು."

ಡೆಸ್ ತಲೆ ಕೆರೆದುಕೊಂಡ. ಅವನು ಸುಳ್ಳು ಹೇಳುವವನಲ್ಲ. "ಹೇಳ್ಬಾರ್ದು ಅಂತಿದ್ದೆ. ನೆವಿಲ್ ಸ್ವಲ್ಪ ಮೇಲಿದ್ದಾನೆ ಅಂತ ನನಗೂ ಒಂದೊಂದ್ಸಲ ಅನ್ಸಿದೆ."

ಅದು ನಿಜವೇ ಆಗಿತ್ತು. ಕೆಳಗಿನ ಸ್ವರಗಳು ಡೆಸ್‌ಗೆ ಇನ್ನೂ ಸರಿಯಾಗಿ ಕೇಳಿಸುತ್ತಿದ್ದವು. ಸುತ್ತಿಗೆ ತಿಂದದ್ದು ಮೇಲಿನವನ್ನು. ತನ್ನ ಸ್ವರ ಅವನಿಗೆ ಇಳಿದು ಕೇಳುತ್ತಿತ್ತು, ಅದಕ್ಕೇ ಏರಿಸುತ್ತಿದ್ದ. ನೆವಿಲ್‌ನ ಸ್ವರ ಇದ್ದ ಹಾಗೇ ಕೇಳುತ್ತಿತ್ತು.

"ನೆವಿಲ್, ನೀನೊಬ್ಬನೇ ನುಡ್ಸು," ಅಂದ ಕ್ಲೈವ್. ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದ.

ನೆವಿಲ್ ತನ್ನ ಸ್ವರವನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಮುಂದಿನ ಸರದಿ ಡೆಸ್‌ನದು. ನೆವಿಲ್ ತಂತಿಯನ್ನು ತಳ್ಳಿದ, ಎಲ್ಲಿ ನಿಲ್ಲಿಸಬೇಕೋ ಅಲ್ಲಿಂದ ಕೂದಲೆಳೆಯಷ್ಟು ಮುಂದಕ್ಕೆ ತಳ್ಳಿ, ಅಲ್ಲೇ ಹಿಡಿದ.

"ಆಯ್ತು ಬಿಡು," ಅಂದ ಕ್ಲೈವ್, ಕಣ್ಣು ತಪ್ಪಿಸಿ. ಡೆಸ್‌ನ ಸರದಿ ಬರಲಿಲ್ಲ.

ಹದಿನೈದು ದಿನ ಬಿಟ್ಟು ಡೆಸ್ ತಾನಾಗಿಯೇ ನೆವಿಲ್‌ನ ಮನೆಗೆ ಬಂದ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಹಂದಿಮಾಂಸದ ಪೈ. ಟೋಪಿ ತೆಗೆದು ಮೇಜಿನ ಮೇಲಿಟ್ಟ. ಮತ್ತೆ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಕ್ಲೈವ್ ಫೋನ್ ಮಾಡ್ತೀನಿ ಅಂದ. ಫೋನಲ್ಲಿ ಇದನ್ನೆಲ್ಲ ಹೇಳ್ಬೇಡ, ನಾನೇ ಹೋಗ್ತೀನಿ ಅಂದೆ."

"ಒಳ್ಳೇದಾಯ್ತು."

"ಆರು ತಿಂಗಳು ರೆಸ್ಟ್ ತಗೋ. ಕಿವಿ ತೋರಿಸ್ಕೋ. ನಾಚ್ಕೆ ಪಡೋದೇನಿಲ್ಲ ಮಾರಾಯ, ವಯಸ್ಸು ಯಾರನ್ನ ಬಿಡುತ್ತೆ? ನೀನಾದ್ರೂ ಸುತ್ತಿಗೆ ಹತ್ರ ಇರ್ಲಿಲ್ಲ, ಬೇಗ ಸರಿಹೋಗುತ್ತೆ."

ನೆವಿಲ್ ಅವನ ಬಾಯನ್ನೇ ನೋಡುತ್ತಿದ್ದ. ಈಗ ಹೇಳಬಹುದಿತ್ತು. ಪೈ ಕತ್ತರಿಸಿ ಎರಡು ತಟ್ಟೆಗೆ ಹಾಕಿದ. "ನನ್ನ ಜಾಗಕ್ಕೆ ಯಾರು?" ಅಂತ ಕೇಳಿದ.

"ಹೇಲ್ಸೋವನ್ನಿನ ಒಬ್ಬ ಅಂಚೆಯವನು. ಲೆನ್ ಪಾರ್ಕ್ಸ್ ಅಂತ. ಕೈ ಗಟ್ಟಿ. ಆದ್ರೆ ನೀನಲ್ಲ." ಡೆಸ್ ತಟ್ಟೆ ನೋಡುತ್ತ ತಿಂದ. ಹೋಗುವಾಗ ಬಾಗಿಲಲ್ಲಿ ನಿಂತು, "ಭಾನುವಾರ ಬರ್ತೀಯಲ್ಲ? ಬರ್ಲಿಲ್ಲ ಅಂದ್ರೆ ಕೋಪ ಮಾಡ್ಕೊಂಡಿದೀಯ ಅಂತ ತಿಳ್ಕೋತೀನಿ," ಅಂದ.

ನೆವಿಲ್ ಹೋದ. ಕ್ಲಬ್ಬಿನಲ್ಲಿ ಬಾಗಿಲ ಹತ್ತಿರದ ಮೇಜಿನಲ್ಲಿ ಅರ್ಧ ಪೈಂಟ್ ಬಿಯರ್ ಇಟ್ಟುಕೊಂಡು ಕೂತ. ಹದಿನೇಳು ವರ್ಷದಲ್ಲಿ ತಂಡವನ್ನು ಅವನು ಎದುರಿನಿಂದ ನೋಡಿದ್ದು ಅದೇ ಮೊದಲು. ಡೆಸ್ ಇಷ್ಟು ಕುಳ್ಳ ಎಂದು ಗೊತ್ತಿರಲಿಲ್ಲ. ಅವನ ಎಡಕ್ಕೆ, ನೆವಿಲ್ ನಿಲ್ಲುತ್ತಿದ್ದ ಜಾಗದಲ್ಲಿ, ಅಂಚೆಯವನು ನೆಟ್ಟಗೆ ನಿಂತಿದ್ದ. ಅವನು ತನ್ನ ಬೆರಳುಗಳನ್ನೇ ನೋಡಿಕೊಂಡು ನುಡಿಸುತ್ತಿದ್ದ. ಡೆಸ್‌ನ ಕೈಯತ್ತ ಒಮ್ಮೆಯೂ ತಿರುಗಲಿಲ್ಲ.

ಅಂಕಿ ಕೂಗುವ ಬಿಂಗೋ ಆಟ ಮುಗಿಯಿತು. ಡಾಲಿ ಶುರುವಾಯಿತು. ಬೇಗ ಬೇಗ ಓಡುವ ಸಾಲುಗಳೆಲ್ಲ ಚೆನ್ನಾಗಿಯೇ ಹೋದವು. ತಂತಿ ತಳ್ಳದೆ ಬರೀ ಮೆಟ್ಟಿಲ ಮೇಲೆ ಒತ್ತಿದ ಸ್ವರ ಯಾರ ಕೈಯಲ್ಲಾದರೂ ಸರಿಯಾಗಿಯೇ ಇರುತ್ತದೆ. ಕೊನೆಗೆ ಡ್ರಮ್ಮು ನಿಂತಿತು. ಇಬ್ಬರೂ ತಂತಿ ತಳ್ಳಿದರು. ಅಂಚೆಯವನ ಸ್ವರ ಕೀಬೋರ್ಡಿನ ಮೇಲೆ ಮುಚ್ಚಳದಂತೆ ಕೂತಿತು. ಡೆಸ್‌ನದು ಅದನ್ನು ದಾಟಿ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

ನೆವಿಲ್‌ನ ಎಡಗೈ ಮೇಜಿನಡಿಯಲ್ಲಿ ತಾನಾಗಿ ಬಿಗಿಯಿತು. ತಳ್ಳಲು ಅಲ್ಲಿ ತಂತಿಯಿರಲಿಲ್ಲ.

ಎತ್ತಿದ ಲೋಟಗಳು ಅಲ್ಲಲ್ಲೇ ಇಳಿದವು. ಹಿಂದಿನಿಂದ ಯಾರೋ, "ಅಯ್ಯೋ, ಡಾಲೀನ ಇನ್ನೊಂದ್ಸಲ ಸಾಯಿಸ್ಬೇಡ್ರೋ!" ಎಂದು ಕೂಗಿದ. ನಗು ಮೇಜಿಂದ ಮೇಜಿಗೆ ಹೋಯಿತು. ಕ್ಲಬ್ಬಿನ ಕಾರ್ಯದರ್ಶಿ ಹಿಂಗ್ಲಿ, ಮರ್ಯಾದೆ ಉಳಿಸಲೆಂದೋ ಏನೋ, ಮೈಕ್ ಹಿಡಿದು, "ಪೈ ಬಂದಿದೆ, ಪೈ ಬಂದಿದೆ, ಬಿಸಿಯಿದೆ," ಅಂದ. ಜನ ಎದ್ದರು.

ಡೆಸ್ ಮೊದಲು ಅಂಚೆಯವನನ್ನು ಸಿಟ್ಟಿನಿಂದ ನೋಡಿದ. ಅವನು ಡೆಸ್‌ನನ್ನೇ ನೋಡುತ್ತಿದ್ದ, ಪಾಪ ಅನ್ನುವ ಮುಖದಲ್ಲಿ. ಡೆಸ್ ಕ್ಲೈವ್‌ನ ಕಡೆ ತಿರುಗಿದ. ಕ್ಲೈವ್ ಕೀಬೋರ್ಡಿನ ಮೇಲಿಂದ ತಲೆ ಎತ್ತಲಿಲ್ಲ. ಆಮೇಲೆ ಡೆಸ್ ಸಭೆಯತ್ತ ನೋಡಿದ, ಪೈಗೆ ಸಾಲುಗಟ್ಟಿದವರ ತಲೆಗಳ ಮೇಲಿಂದ, ಬಾಗಿಲ ಹತ್ತಿರ ನೆವಿಲ್ ಕೂತಿದ್ದ ಮೇಜಿನವರೆಗೆ.

ಹೊರಗೆ, ಕಾರು ನಿಲ್ಲಿಸುವ ಜಾಗದಲ್ಲಿ, ಅವನು ನೆವಿಲ್‌ನನ್ನು ಹಿಡಿದ. ಗಿಟಾರು ಇನ್ನೂ ಹೆಗಲ ಮೇಲೇ ಇತ್ತು, ಅದನ್ನು ಸ್ಪೀಕರಿಗೆ ಜೋಡಿಸುವ ವೈರು ಕಿತ್ತುಬಂದು ನೆಲದಲ್ಲಿ ಎಳೆಯುತ್ತಿತ್ತು.

"ನನ್ನ ಮುಖ ನೋಡಿ ಹೇಳು. ಎಷ್ಟು ದಿನದಿಂದ?"

"ಮೂರು ವರ್ಷ."

"ಅವತ್ತು ಕ್ಲೈವ್ ಒಬ್ಬನೇ ನುಡ್ಸು ಅಂದನಲ್ಲ, ಅವತ್ತೂ ಬೇಕೂಂತಲೇ?"

"ಹೂಂ."

"ನಾನು ನಿನ್ನ ಮನೆಗೆ ಬಂದು, ಪೈ ತಂದು, ಕಿವಿ ತೋರಿಸ್ಕೋ ಅಂದೆ. ನೀನು ಕೂತು ತಿಂದೆ!"

ನೆವಿಲ್ ಏನೋ ಹೇಳಿದ. ತಲೆ ತಗ್ಗಿಸಿ ಹೇಳಿದ್ದರಿಂದ ಡೆಸ್‌ಗೆ ಕೇಳಲಿಲ್ಲ. ಕೇಳಲಿಲ್ಲವೆಂಬುದು ಇಬ್ಬರಿಗೂ ಗೊತ್ತಾಯಿತು.

"ನಿನಗೆ ಬೇಜಾರಾಗುತ್ತೆ ಅಂತ," ನೆವಿಲ್ ಮುಖವೆತ್ತಿ ಮತ್ತೆ ಹೇಳಿದ. "ಬಿಟ್ಟುಬಿಡ್ತೀಯ ಅಂತ."

ಡೆಸ್ ನೆಲದ ಮೇಲಿದ್ದ ವೈರನ್ನು ಎಳೆದು ಕೈಗೆ ಸುತ್ತಿಕೊಂಡ. ಒಳಗಿನಿಂದ ಹಿಂಗ್ಲಿಯ ದನಿ ಬರುತ್ತಿತ್ತು. "ಹಾಗಾದ್ರೆ ಮೂರು ವರ್ಷ ನಾನೊಬ್ಬನೇ ನುಡಿಸ್ತಿದ್ದೆ," ಅಂದ ಕೊನೆಗೆ. ಹಿಂದಿರುಗಿ ಒಳಗೆ ಹೋಗದೆ ಬಸ್ಸಿನ ಕಡೆ ನಡೆದ.

ಆಮೇಲೆ ಡೆಸ್ ಗಿಟಾರು ಮುಟ್ಟಲಿಲ್ಲ. ಕಿವಿಗೆ ಹಾಕುವ ಯಂತ್ರ ಬಂತು. ಅದನ್ನು ಡ್ರಾಯರಿನಲ್ಲಿ ಇಟ್ಟ. ಶನಿವಾರ ಗಡ್ಡ ಹೆರೆಯುವುದನ್ನೂ ಬಿಟ್ಟನೆಂದು ಮ್ಯೂರಿಯಲ್ ಮಾರುಕಟ್ಟೆಯಲ್ಲಿ ಸಿಕ್ಕಾಗ ಹೇಳಿದಳು. "ಬಾ" ಎಂದು ಕರೆಯಲಿಲ್ಲ. ನೆವಿಲ್ ಕೇಳಲೂ ಇಲ್ಲ.

ಅಕ್ಟೋಬರಿನಲ್ಲಿ ಕ್ಲೈವ್ ಬಂದ. ಅವನಿಗೂ ಎಲ್ಲ ತಿಳಿದಿತ್ತು. ಅಭ್ಯಾಸ ಈಗ ಚರ್ಚಿನ ಹಿಂದಿನ ಸಭಾಂಗಣದಲ್ಲಿ. ಅಂಚೆಯವನು ಮೇಲಿನ ಸಾಲು ತೆಗೆದುಕೊಳ್ಳುತ್ತಾನೆ, ಕೆಳಗೆ ನೀನು ವಾಪಸ್ಸು ಬಾ ಅಂದ. "ತಪ್ಪು ನಮ್ಮದು. ನಿನ್ನ ಕಿವಿ ಬಂಗಾರ ಕಣೋ."

ನೆವಿಲ್ ಒಂದು ಶನಿವಾರ ಹೋದ. ಅಂಚೆಯವನ ಎಡಕ್ಕೆ ನಿಂತ. ಡಾಲಿ ನುಡಿಸಿದರು. ಕೊನೆಯ ಸ್ವರಕ್ಕೆ ಬಂದಾಗ ಅವನ ಬೆರಳು ತಂತಿಯನ್ನು ತಳ್ಳಿಕೊಂಡು ನೇರ ಡೆಸ್ ಇರುತ್ತಿದ್ದ ಜಾಗಕ್ಕೆ ಹೋಗಿ ನಿಂತಿತು. ಹಲ್ಲುನೋವಿನ ಆ ತುಡಿತ ಸಭಾಂಗಣದ ಹಲಗೆ ನೆಲದ ಮೇಲೆಲ್ಲ ಹರಡಿತು.

"ಈಗ್ಯಾಕೋ?" ಅಂದ ಕ್ಲೈವ್. "ಈಗ ಅವನಿಲ್ವಲ್ಲ."

ಇನ್ನೊಮ್ಮೆ ನುಡಿಸಿದರು. ಇನ್ನೂ ಎರಡು ಸಲ. ಸರಿಯಾದ ಜಾಗ ಎಲ್ಲಿದೆಯೆಂದು ನೆವಿಲ್‌ನ ಕಿವಿಗೆ ಗೊತ್ತಿತ್ತು, ಬೆರಳು ಕೇಳಲಿಲ್ಲ. ಮೂರು ವರ್ಷ ದಿನಕ್ಕೆ ಇನ್ನೂರು ಸಲ ಅದಕ್ಕೆ ಕಲಿಸಿದ್ದು ಅದೊಂದೇ ಜಾಗ. ಅವನು ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು, ಅಂಚೆಯವನ ಕೈಕುಲುಕಿ, ಹೊರಟ.

ಮನೆಗೆ ಹೋಗುವ ಬಸ್ಸು ಬಿಟ್ಟು ಅವನು ಡೆಸ್‌ನ ಮನೆಗೆ ನಡೆದ. ಹನ್ನೊಂದು ಗಂಟೆ. ಮ್ಯೂರಿಯಲ್ ಅಂಗಡಿಗೆ ಹೋಗಿದ್ದಳು. ಬಾಗಿಲು ತೆಗೆದಿತ್ತು, ಬಡಿದು ಪ್ರಯೋಜನವಿರಲಿಲ್ಲ. ಡೆಸ್ ಅಡುಗೆಮನೆಯಲ್ಲಿ ಕುರುಚಲು ಗಡ್ಡ ಬಿಟ್ಟುಕೊಂಡು ಪೇಪರ್ ಹಿಡಿದು ಕೂತಿದ್ದ. ನೆವಿಲ್‌ನನ್ನೂ ಅವನ ಕೈಯ ಪೆಟ್ಟಿಗೆಯನ್ನೂ ನೋಡಿದ. ಕಾಲಿನಿಂದ ಎದುರಿನ ಕುರ್ಚಿಯನ್ನು ಹೊರಕ್ಕೆ ತಳ್ಳಿದ. ಎದ್ದು ಕೆಟಲ್‌ಗೆ ನೀರು ತುಂಬಿ ಒಲೆಯ ಮೇಲಿಟ್ಟು ಮತ್ತೆ ಕೂತ.

ನೀರು ಮೊರೆಯತೊಡಗಿತು. ಸೀಟಿ ಸಣ್ಣಗೆ ಶುರುವಾಗಿ ಮೇಲಕ್ಕೆ ಏರಿತು. ನೆವಿಲ್ ಏಳಲು ಕೈ ಊರಿದವನು ಹಾಗೇ ಕೂತ.

ಡೆಸ್ ಅವನ ಮುಖವನ್ನೇ ನೋಡುತ್ತಿದ್ದ. "ಕೂಗ್ತಿದ್ಯಾ?" ಅಂತ ಕೇಳಿದ.

"ಕೂಗ್ತಿದೆ, ಡೆಸ್."

ಡೆಸ್ ತಲೆಯಾಡಿಸಿದ. ಪೇಪರ್ ಮಡಿಸಿಟ್ಟು, ಎದ್ದುಹೋಗಿ, ಒಲೆ ಆರಿಸಿದ.